ಎಡಗಡಿ ವಾಲ್ವು

ನಲವತ್ಮೂರು ಡಿಗ್ರಿ ಬಿಸಲಾಗ
ರೊಕ್ಕ ಕೊಟ್ಟು ಇನ್ನೊಂದು ಒಲಿ ತರತಾರೇನು ಯಾರರೆ,
ಅಂದಳು ಮಾಣಿಕಮ್ಮ.
ಒಲಿ ಅಲ್ಲ, ವಾಲ್ವಿನ ಆಂಪ್ಲಿಫಾಯರ್ ಅಂದೆ.
ಮ್ಯಾಲ ಕೈ ಹಿಡದು ನೋಡಿದಳು.
ಒಲೀನೇ, ಅಂದಳು.

ಮೊದಲ ತಂದದ್ದು ಮೂರು ಸಾವಿರದ ಎರಡು ನೂರಿಂದು,
ಡಬ್ಬಿ ತುಂಬ ಚೀನಾ ಅಕ್ಷರ.
ಬೆರಳುದ್ದದ ಎರಡು ಗಾಜು ಕೆಂಪಗ ಬೆಳಗತಿದ್ದವು,
ಕೇಳೋದು ಬಿಟ್ಟು ಒಂದು ವಾರ ಬರೇ ನೋಡಿದೆ.
ಸೂಪರ್ ಮಾರ್ಕೆಟ್ ಹಿಂದಿನ ಖಲೀಲ್ ಉಸ್ತಾದ
ಎರಡೂ ಕಿತ್ತು ಅಂಗೈಯಾಗ ಇಟಗೊಂಡ.
ಗಾಜಿಲ್ಲದ ಕುಣಿಯೊಳಗ ಕೆಂಪು ಹಂಗೇ ಇತ್ತು.
‘ಎಲ್‌ಇಡಿ ಅದ ಭೈಯಾ,
ಲಗ್ನದ ಮನೀ ಸೀರಿಯಲ್ಲಿನಾಗ ಇರತಾವಲ್ಲ, ಅದೇ.’

ಆಮ್ಯಾಲ ಉಸ್ತಾದನೇ ಒಂದು ಕಟ್ಟಿ ಕೊಟ್ಟ:
ಬಿಸ್ಕೀಟಿನ ಡಬ್ಬಿ ಕೊರದು,
ಯಾರದೋ ಸತ್ತ ರೇಡಿಯೋದ ಟ್ರಾನ್ಸ್‌ಫಾರ್ಮರ್ ಹಾಕಿ,
ರಶಿಯಾದವರು ಯುದ್ಧಕ್ಕಂತ ಮಾಡಿ
ಗೋದಾಮಿನಾಗ ಮರತುಬಿಟ್ಟ ಎರಡು ವಾಲ್ವು ಚುಚ್ಚಿ.
ಸದ್ದು ಚಲೋ. ಖರೇನ ಚಲೋ.
ಆದ್ರ ಹಿಂದ ಒಂದು ಗುಂಯ್,
ಮಿಲ್ಲಿನ ಮೋಟಾರು ಮನೀತನಾ ಬೆನ್ನು ಹತ್ತಿ ಬಂದಂಗ.
‘ನಿಮ್ಮ ಮನೀಗಿ ಅರ್ಥಿಂಗೇ ಇಲ್ಲ.’
ಅಂಗಳದಾಗ ಎದೀಮಟ ಗುಣಿ ತೋಡಿ
ಇದ್ದಲಿ, ಉಪ್ಪು, ತಾಮ್ರದ ತಂತಿ ಹೂತಿವಿ.
ನಿಧಿ ಸಿಕ್ಕಿತೇನು ಅಂತ ಓಣಿ ಮಂದಿ ಇಣಕಿದ್ರು.
ಡಬ್ಬಿ ಕೆಳಗ ಶಹಾಬಾದ ಕಲ್ಲು ಇಟ್ಟೆ, ಒಂದೂವರಿ ಇಂಚಿಂದು.
ಗುಂಯ್ ಹೋತು.

ಅಷ್ಟಕ್ಕ ಸಾಕಾಗಬೇಕಿತ್ತು.
ಹೈದ್ರಾಬಾದಿಂದ ಯಾರೋ ರಿಪೇರಿಗಿ ಬಿಟ್ಟದ್ದು,
ಹನ್ನೊಂದು ಸಾವಿರಕ್ಕ ಮಾರೋದದ ಅಂದ,
ಹೆಡ್‌ಫೋನಿಗೂ ನಡೀತದ, ಸ್ಪೀಕರಿಗೂ ನಡೀತದ.
ಮೂರು ದಿನದ ವಾಯಿದಾ ಮ್ಯಾಲ ಮನೀಗಿ ತಂದೆ.

ನನ್ನ ಪರೀಕ್ಷಾ ಯಾವತ್ತೂ ಒಂದೇ ಭಜನಿ:
ಅಕ್ಕನ ಮಗ ದೇವಿಂದ್ರ ಎರಡು ಮೈಕಿಟ್ಟು ತುಂಬಿಸಿಕೊಂಡು ಬಂದದ್ದು,
ಎಡಕ ಏಕತಾರಿ, ಬಲಕ ದಮ್ಮಡಿ,
ನಡುವ ಹಾಡಾವ, ಅವನ ಕೆಮ್ಮು.
ಹನ್ನೊಂದು ಸಾವಿರದ್ದರಾಗ ಏಕತಾರಿ ಸಣ್ಣಾಗಿತ್ತು.
ಡಬ್ಬಿದರಾಗ? ಅಲ್ಲೂ ಸಣ್ಣೇ.
ಎಡಗಡಿ ವಾಲ್ವು ಸೋತದ ಅಂದೆ.
ಅರಿವಿ ಸುತ್ತಿ, ಬೆರಳು ಸುಟಗೊಂಡು
ಎಡದ್ದು ಬಲಕ ಹಾಕಿದೆ, ಬಲದ್ದು ಎಡಕ.
ವೈರು ಅದಲ್ ಬದಲ್ ಮಾಡಿ, ಮತ್ತ ಮೊದಲಿನಂಗೇ ಹಾಕಿದೆ.
ಉಸ್ತಾದ ಪಿನ್ನು ಸ್ಪಿರಿಟಿಲೆ ಒರಸಿ ಕೊಟ್ಟ,
ಏನೋ ಹೇಳಬೇಕಂದಂವ ಚಹಾ ತರಿಸಿದ.

ರಾತ್ರಿ ಹೆಡ್‌ಫೋನ್ ಸುಮ್ಮನ ಉಲ್ಟಾ ಹಾಕ್ಕೊಂಡೆ.
ಬಲಗಿವ್ಯಾಗ ಏಕತಾರಿ,
ತಂತಿ ಮ್ಯಾಲಿನ ಬೆರಳಿನ ಉಗುರು ಸುದ್ದಾ ಕೇಳತದ.
ದಮ್ಮಡಿ ಇಲ್ಲ.

ಕಪನೂರ ದಾಲ್ ಮಿಲ್ಲಿನಾಗ ಇಪ್ಪತ್ತೆರಡು ವರ್ಷ.
ತೊಗರಿ ಸಿಪ್ಪಿ ಸುಲಿಯೋ ರೋಲರು ಎಡಕ,
ಬಲಕ ಕಿಟಕಿ, ಒಂದು ಬೇವಿನ ಗಿಡ.

‘ಈಗ ಗೊತ್ತಾತೇನು ನಿಮಗ,’ ಅಂದಳು ಮಾಣಿಕಮ್ಮ.
‘ಬಸ್ಸಿನಾಗ ನಾ ಯಾವಾಗಲೂ ಬಲಕ ಕೂಡೋದು ಮತ್ಯಾಕ?’
ಕಿಟಕಿ ಸೀಟಿನ ಹಟ ಅಂತ ತಿಳದಿದ್ದೆ ನಾ.

ತುಟ್ಟಿದು ವಾಪಸ್ ಕೊಟ್ಟೆ. ಬಿಸ್ಕೀಟಿನ ಡಬ್ಬಿ ಉಳೀತು.
ಬ್ಯಾಲೆನ್ಸ್ ತಿರುವಿ ಎಡಕ ಪೂರಾ ಎಳದ್ರ
ನನಗ ಎರಡೂ ಸಮ.
ಅಕಿ ಹಾಕ್ಕೊಂಡು, ‘ಯವ್ವಾ, ಒಂದೇ ಕಡಿ ಒದರಲತ್ತದಲ್ಲ!’
ಮತ್ತ ನಡುವ ತಂದಿಟ್ಟೆ.
ಹೆಡ್‌ಫೋನ್ ಅಗಲ ಮಾಡಿ
ಎಡದ ಬಟ್ಟಲು ಅಕಿಗಿ, ಬಲದ್ದು ನನಗ,
ತಲಿಗಿ ತಲಿ ಹಚ್ಚಿ ಬೆವತುಗೊಂತ ಕುಂತಿವಿ.

ಕರೆಂಟ್ ಹೋತು. ಫ್ಯಾನು ಸುತ್ತಿ ಸುತ್ತಿ ನಿಂತ್ತು.
ಕತ್ತಲಾಗ ವಾಲ್ವು ಇನ್ನಾ ಕೆಂಪಗ, ನಿಜವಾದ ಕೆಂಪು,
ಒಳಗ ಉಳದ ಕರೆಂಟಿನ ಮ್ಯಾಲ
ಎರಡು ಪೆಟ್ಟು ಬಡದು ದಮ್ಮಡಿ ಸುಮ್ಮನಾತು.
‘ಬರಲತ್ತದ,’ ಅಂದಳು. ‘ಇನ್ನಾ ಬರಲತ್ತದ ನೋಡ್ರಿ.’

ಆಮ್ಯಾಲ ಎದ್ದು, ಎಡಕ ಹಾದು ಹೊರಗ ಹೋದಳು,
ಹೋಗತಾ ಏನೋ ಅಂದಳು.
ಗುಣಿಗಿ ನೀರು ಹಾಕೋದದ ಅಂದಿರಬೇಕು.
ಬ್ಯಾಸಗಿಗಿ ಉಪ್ಪು ಒಣಗತದ.