ಮೂರು ಕಾಲಿನ ಲೆಕ್ಕ

ಕೊಲ್ಮನ್, ನಿನ್ನ ಕೆಂಪು ಕೋಟಿನ ಗುಂಡಿಯೊಂದು ಸಡಿಲಾಗಿದೆ.
ಗೇಟಿನ ಈಚೆ ನಿಂತೇ ಕಂಡೆ.
ಹೊಲಿದುಕೊಡಬೇಕಾದ ಕೈಯಲ್ಲಿ ಹಲಗೆ ಇದೆ ಇವತ್ತು,
ಹಲಗೆಯ ಮೇಲೆ ನಾನೇ ಬರೆದ ಮೊಲ.
ಕತ್ತೆಮರಿಯ ಹಾಗಿದೆ ಅಂತ ನಿನ್ನ ಕಡೆಯವರು ನಕ್ಕರು.
ನಿಜ. ಕಿವಿ ಬರೆಯುವಾಗ ನನಗೂ ಹಾಗೇ ಅನಿಸಿತ್ತು.

ನಾವು ನಾಲ್ವರು. ಅಂಚೆಯಿಂದ ನಿವೃತ್ತಳಾದ ನಾನು,
ಬೇಕರಿಯ ಕಾನ್ಸೆಪ್ಟಾ,
ಮನೆಯಲ್ಲಿ ಸುಳ್ಳು ಹೇಳಿ ಬಂದ ಹುಡುಗ ಓರನ್,
ಮಾತೇ ಆಡದೆ ಫ್ಲಾಸ್ಕಿನ ಚಹಾ ಹಂಚುವ ಮುದುಕ ಮಲಕಿ.
ಒಳಗೆ ಒಂದು ಸಾವಿರ ಜನ, ಬಾಜಿಯವರು, ಬಿಸಿ ಸಾಸೇಜಿನ ಗಾಡಿ.
ಟಿಪ್ಪರೆರಿಯ ಜನವರಿ ಗಾಳಿಗೆ ಮಾತ್ರ ಪಕ್ಷವಿಲ್ಲ,
ಎರಡೂ ಕಡೆಯ ಮೂಗು ಸೋರಿಸುತ್ತದೆ.

ನೆನಪಿದೆಯಾ, ನನಗೆ ಒಂಬತ್ತು, ನಿನಗೆ ಆರು.
ಕೊಯ್ದ ಬಾರ್ಲಿ ಹೊಲದಲ್ಲಿ ದೊಡ್ಡವರ ಸಾಲಿನಲ್ಲಿ ನಾವೂ ನಡೆದೆವು,
ಅಮ್ಮನ ಗುಂಡಿಡಬ್ಬಿ ಅಲ್ಲಾಡಿಸುತ್ತ.
ಸದ್ದಿಗೆ ಬೆದರಿ ಅವು ಓಡಿದವು,
ಓಡಿದ ದಿಕ್ಕಿಗೇ ಬಲೆ ಕಾದಿತ್ತು.
ಬಿದ್ದ ಒಂದನ್ನು ಅಪ್ಪ ನನ್ನ ಸ್ವೆಟರಿನೊಳಕ್ಕೆ ತುರುಕಿದ,
'ಗಟ್ಟಿಯಾಗಿ ಹಿಡಿ, ಒದೆಯುತ್ತದೆ.'
ಒದೆಯಲಿಲ್ಲ.
ನಾನು ಹೆದರಿದ್ದು ಅದಕ್ಕೇ.
ಕಾಲಿಲ್ಲ, ಕಿವಿಯಿಲ್ಲ, ಇಡೀ ಪ್ರಾಣಿ ಒಂದೇ ಎದೆಬಡಿತವಾಗಿ
ನನ್ನ ಹೊಟ್ಟೆಗೆ ಬಡಿಯುತ್ತಿತ್ತು,
ಯಾರೋ ಒಳಗೆ ಕೂತು ಡಬ್ಬಿ ಅಲ್ಲಾಡಿಸುತ್ತಲೇ ಇದ್ದ ಹಾಗೆ.

ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ.
ಮೂವತ್ತೊಂದು ವರ್ಷ ನನ್ನ ಸೈಕಲ್ಲಿಗೆ ಬಾಲ ಆಡಿಸಿದವು,
ಬಡಪಾಯಿಗಳು, ಪಕ್ಕೆಲುಬೆಲ್ಲ ಎಣಿಸಬಹುದು.

'ಈಗ ಬಾಯಿಗೆ ಕುಕ್ಕೆ ಕಟ್ಟುತ್ತೇವಲ್ಲ' ಅನ್ನುತ್ತೀಯ.
ಕುಕ್ಕೆ ಕಚ್ಚುವುದಿಲ್ಲ, ಒಪ್ಪಿದೆ.
ಓಡಿಬಂದ ಮೂವತ್ತು ಕಿಲೋ ಬೆನ್ನ ಮೇಲೆ ಬಿದ್ದರೆ
ಕುಕ್ಕೆ ಏನು ಮಾಡೀತು?
'ಹೆಚ್ಚಿನ ಸಲ ತಪ್ಪಿಸಿಕೊಳ್ಳುತ್ತವೆ.'
ಹೆಚ್ಚಿನ ಸಲ ಎಂಬ ಮಾತಿನೊಳಗೆ, ತಮ್ಮಾ,
ಎಷ್ಟು ಮೊಲ ಹಿಡಿಸುತ್ತವೆ?
ಓರನ್ ಕ್ಲಬ್ಬಿನ ವರದಿ ಓದಿ ಹೇಳಿದ:
ಹಿಡಿದದ್ದು ಅರವತ್ತೆರಡು, ಬಿಟ್ಟದ್ದು ಐವತ್ತೇಳು.
ಉಳಿದ ಐದರ ಎದುರು ಇಷ್ಟೇ ಜಾಗ,
ಅದರಲ್ಲಿ ಒಂದೇ ಪದ: ಸಹಜ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು,
ಹಟಮಾರಿಗಳಿಗೆ ಹೇಳುವ ಮಾತು.
ನನಗೇ ಹೇಳುತ್ತಾರೆ ಊರಲ್ಲಿ.
ಆದರೆ ಈ ಮಧ್ಯಾಹ್ನ ಮೂರನೇ ಓಟದಲ್ಲಿ
ಬೇಲಿಯಂಚಿಗೆ ಬಂದು ಕೂತದ್ದಕ್ಕೆ
ನಿಜವಾಗಿಯೂ ಮೂರೇ ಇದ್ದವು.
ನಾಲ್ಕನೆಯದು ಹಿಂದಿನಿಂದ ಎಳೆದುಕೊಂಡು ಬಂತು
ಒದ್ದೆ ಹಗ್ಗದ ಹಾಗೆ.
ಕಿರುಚಿತು. ಮಗುವಿನ ದನಿ ಅಂತ ಬರೆಯಲಾರೆ,
ಅದು ಮೊಲದ್ದೇ ದನಿ, ಅದಕ್ಕೂ ಒಂದು ಇದೆ,
ಜೀವಮಾನದಲ್ಲಿ ಒಂದು ಸಲ ತೆಗೆಯಲಿಕ್ಕೆ.
ನೀನೂ ಕೇಳಿದೆ. ಖಾಲಿ ಪಟ್ಟಿ ಕೈಯಲ್ಲಿತ್ತು.
ಮುಂದಿನ ಜೋಡಿಯ ಕಡೆಗೆ ತಿರುಗಿದೆ.

ಡಬ್ಲಿನ್ನಿನಿಂದ ಉತ್ತರ ಬಂದಿದೆ:
'ನಿಷೇಧದ ವಿಷಯ ಪರಿಶೀಲನೆಯಲ್ಲಿದೆ.'
ಮೂವತ್ತೊಂದು ವರ್ಷ ಲಕೋಟೆ ಹಂಚಿದವಳು ನಾನು,
ಒಳಗೆ ಏನೂ ಇಲ್ಲದ್ದರ ತೂಕ ಗೊತ್ತು.
ಇನ್ನೊಂದು ಬರೆದೆ. ಸಹಿ ನಾನೂರ ಹನ್ನೆರಡು,
ಅದರಲ್ಲೊಂದು ನಿನ್ನ ಹೆಂಡತಿಯದು.
ಅವಳನ್ನು ಕೇಳಬೇಡ.

ಭಾನುವಾರ ಬಾ. ಕೋಟನ್ನು ಕುರ್ಚಿಗೆ ಹಾಕು.
ಗುಂಡಿ ಹೊಲಿದುಕೊಡುತ್ತೇನೆ, ಅದು ಬೇರೆ ಮಾತು.
ಅಮ್ಮನ ಡಬ್ಬಿ ಇನ್ನೂ ಅದೇ ಕಪಾಟಿನಲ್ಲಿದೆ,
ಕೆಳಗಿಳಿಸುವಾಗ ಸದ್ದಾಗುತ್ತದೆ.
ಆಗ ನೀನು ಎಲ್ಲಿ ನೋಡುತ್ತೀಯ ಅಂತ
ನಾನು ನೋಡುತ್ತೇನೆ.