ಎದಿರೇಟು

ಮೂವತ್ತೊಂದು ವರ್ಷ ವಾಲ್ಪರೈಸೊ ಗುಡ್ಡದ
ಏರುಬಂಡಿಯ ಬ್ರೇಕು ಹಿಡಿದ ಕೈ ಇದು.
ಎಪ್ಪತ್ತು ಸೆಕೆಂಡು ಮೇಲಕ್ಕೆ, ಎಪ್ಪತ್ತು ಕೆಳಕ್ಕೆ;
ಮುದುಕಿಯ ಮೊಟ್ಟೆಬುಟ್ಟಿಯೂ ಕುಲುಕದ ಹಾಗೆ
ನಿಲ್ಲಿಸುವುದು ಗೊತ್ತು. ಎಲ್ಲಿ ಬಿಗಿ, ಎಲ್ಲಿ ಸಡಿಲ
ಅಂಗೈಗೇ ಗೊತ್ತು, ನನ್ನನ್ನು ಕೇಳುವುದಿಲ್ಲ.

ಅಂಥ ಕೈಯವನಿಗೆ
ಸೇತುವೆ ಕಾಯುವ ಒಬ್ಬ ಕೊಡಲಿಯವನು
ಹದಿನೇಳು ಸಲ ಚಟ್ಟ ಕಟ್ಟಿದ್ದಾನೆ.

ತಂಗಿಯ ಮಗಳು ಮಿಲೆನ್ಕಾ ತಂದುಕೊಟ್ಟ ಆಟ.
'ಮಂಡಿ ಆಪರೇಷನ್ನು, ಆರು ವಾರ ರಜ,
ಗೋಡೆ ನೋಡ್ತಾ ಕೂತರೆ ತಲೆ ಕೆಟ್ಟೀತು ಮಾಮ,
ಇದನ್ನಾಡು' ಅಂದಳು.

ಆಡಿದೆ. ಸುಳ್ಳು ಯಾಕೆ, ಮೊದಲ ವಾರ ಊಟ ಮರೆತೆ.
ಎಂಥ ನಾಡು ಅದು! ಉಪ್ಪು ಮಾರುವವಳಿಗೆ
ಕಳೆದುಹೋದ ತಕ್ಕಡಿಯ ತಟ್ಟೆ ಹುಡುಕಿಕೊಟ್ಟೆ.
ಕುರುಡ ಗಂಟೆಗಾರನ ಜೊತೆ ಮೂರು ರಾತ್ರಿ ಹರಟಿದೆ.
ಜ್ವರದ ಬೇರು, ಬೂದು ಅಣಬೆ,
ಹೆಸರೇ ಇಲ್ಲದೊಂದು ಹಳದಿ ಹೂವು,
ಚೀಲ ಹರಿಯುವಷ್ಟು ಕಿತ್ತೆ.
ಒಬ್ಬ ಕಳ್ಳನಿಗೆ ಅವನ ತಾಯಿಯ ಮಾತೆತ್ತಿ
ಅಳಿಸಿಯೇ ಬಿಟ್ಟೆ. ಕದ್ದ ಉಂಗುರ ಕೈಗೆ ಹಾಕಿ ಹೋದ.

ಆಮೇಲೆ ಇದ್ದಕ್ಕಿದ್ದಂತೆ ನಗಾರಿ.
ಅಷ್ಟು ಹೊತ್ತು ಬೀಸುತ್ತಿದ್ದ ಗಾಳಿಯ ಸದ್ದಡಗಿ
ನಗಾರಿ ಬಡಿದರೆ ನನಗೆ ಹೊಟ್ಟೆ ತೊಳಸುತ್ತದೆ:
ಯಾರೋ ಬಂದರು, ಮಾತು ಮುಗಿಯಿತು.

ಚೌಕ ಗುಂಡಿ ಕತ್ತಿಗೆ, ದುಂಡಗಿನದು ಉರುಳುವುದಕ್ಕೆ,
ಎಡ ಹೆಗಲಿನದು ಗುರಾಣಿ.
ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಒತ್ತಿದರೆ ಎದಿರೇಟು.
ಕ್ಷಣಕ್ಕೆ ಸರಿಯಾಗಿ! ಅದೇ ತಾನೆ ನನ್ನ ಕಸುಬು?
ಆದರೆ ಬಂಡಿ ಯಾವತ್ತೂ ನನ್ನನ್ನು ಕೊಲ್ಲಲು ಬಂದಿರಲಿಲ್ಲ.
ಬೇಗ ಒತ್ತುತ್ತೇನೆ, ಇಲ್ಲಾ ಉರುಳಿ ಹೊಳೆಗೆ ಬೀಳುತ್ತೇನೆ.
ದಮ್ಮಿನ ಹಸಿರು ಪಟ್ಟಿ ಬತ್ತಿ
ನನ್ನ ವೀರ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಾನೆ,
ಬಂಡಿ ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದವರ ಹಾಗೆ.
ಕೊಡಲಿಯವನಿಗೆ ದಮ್ಮು ಮುಗಿಯುವುದೇ ಇಲ್ಲ.

ಮಿಲೆನ್ಕಾ ಆಡುವುದನ್ನು ನೋಡಬೇಕು,
ಬೆಣ್ಣೆಯಿಂದ ಕೂದಲೆಳೆದ ಹಾಗೆ.
'ಇದೂ ಒಂದು ಕುಣಿತ ಮಾಮ, ಅವನ ಭುಜ ನೋಡು.'
ನೋಡಿದೆ. ಭುಜವೇ ಕಂಡಿತು.
ಇಡೀ ದಿನ ಕೊಡಲಿ ಹೊತ್ತ ಭುಜ.
'ಹಾಗಾದರೆ ಸುಲಭದ ಮಟ್ಟಕ್ಕೆ ಇಳಿಸಿಕೋ.'
ಇಳಿಸಿದೆ. ಮೂರೇ ಏಟಿಗೆ ಸತ್ತ.
ಕೆಳಗೆ ಬಿದ್ದಾಗ ಒಂದು ಚೂರು ಬ್ರೆಡ್ಡು, ಎರಡು ನಾಣ್ಯ.
ಹದಿನೇಳು ಸಲ ಸೋತಾಗಲೂ ಇಷ್ಟು ಬೇಜಾರಾಗಿರಲಿಲ್ಲ;
ಉಳಿಸಿಟ್ಟ ಹಳೆಯ ಆಟಕ್ಕೆ ವಾಪಸು ಹೋಗಿ
ಅವನನ್ನು ಬದುಕಿಸಿಕೊಂಡೆ.
ಅವಳಿಗೆ ಹೇಳಲಿಲ್ಲ.

ನಿನ್ನೆ ರಾತ್ರಿ ಬಂದರಿನ ತುಂಬ ಮಂಜು,
ಯಾವುದೋ ಹಡಗು ಊದುತ್ತಲೇ ಇತ್ತು.
ಕತ್ತಿ ಒರೆಗೆ ಸೇರಿಸಿ ಸೇತುವೆಯ ಈಚೆ ನಿಂತೆ,
ನಗಾರಿ ಶುರುವಾಗುವ ಕಲ್ಲಿಗೆ ಒಂದು ಹೆಜ್ಜೆ ಹಿಂದೆ.
ಅಲ್ಲಿಂದ ನಾನು ಅವನಿಗೆ ಕಾಣುವುದಿಲ್ಲ.
ಅತ್ತ ಏಳು ಹೆಜ್ಜೆ, ಇತ್ತ ಏಳು ಹೆಜ್ಜೆ.
ತಿರುಗುವಲ್ಲಿ ತುಸು ನಿಂತು ಹೊಳೆ ನೋಡುತ್ತಾನೆ,
ಕೊಡಲಿಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತಾನೆ,
ಒಮ್ಮೊಮ್ಮೆ ಆಕಳಿಸುತ್ತಾನೆ.
ಎಣಿಸಿದೆ, ನಲವತ್ತನಾಲ್ಕು ಸೆಕೆಂಡು.
ಪಾಳಿ ಬದಲಿಸಲು ಯಾರೂ ಬರುವುದಿಲ್ಲ.

ಸೇತುವೆಯಾಚೆ ಕೋಟೆಯಿದೆಯಂತೆ, ಅರ್ಧ ಕಥೆ ಅಲ್ಲೇ ಅಂತೆ.
ಆ ಹಳದಿ ಹೂವಿನ ಹೆಸರು ಬಲ್ಲವಳೂ
ಆಚೆ ದಡದವಳೇ, ಗಂಟೆಗಾರ ಹೇಳಿದ್ದ.

ಹೋಗಬೇಕು. ಹೋಗೋಣ.
ಅವನು ತಿರುಗುವ ಜಾಗ ಬಂದಾಗಲೆಲ್ಲ
ಎಡ ಹೆಗಲಿನ ಗುಂಡಿಯ ಮೇಲೆ ನನ್ನ ಬೆರಳು
ನನ್ನನ್ನು ಕೇಳದೆ ಮೆಲ್ಲಗೆ ಬಿಗಿಯುತ್ತದೆ,
ಅವನು ಕುಲುಕದ ಹಾಗೆ
ಸಡಿಲುತ್ತದೆ.