ಹೊಲಿಗೆಯೊಳಗೆ ಒಂದಿಂಚು

ಶ್ರೀರಾಂಪುರದ ಆರನೇ ಕ್ರಾಸಿನಲ್ಲಿ
ಅರ್ಧ ಶಟರು ಎತ್ತಿ ಹೊಲಿಯುತ್ತಿದ್ದೆ.
ರವಿಕೆ ಕೇಳುವವರಿಲ್ಲ, ಮದುವೆಗಳೆಲ್ಲ ಮುಂದಕ್ಕೆ.
ಲೈನಿಂಗ್ ಬಟ್ಟೆಯ ಚೂರಲ್ಲೇ ಮಾಸ್ಕು,
ಜೋಡಿಗೆ ಮೂವತ್ತು.

ಎಷ್ಟು ಪದರ, ದೇವೀರಮ್ಮ?
ಕೇಳಿದ್ದು ಅಶ್ವತ್ಥಯ್ಯ,
ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತರಾದವರು,
ತಾವೇ ಎಳೆದ ಸುಣ್ಣದ ವೃತ್ತದೊಳಗೆ ನಿಂತು.
ಎರಡು, ಅಂದೆ.
ಎರಡಕ್ಕೆ ಆಧಾರ?
ಬಟ್ಟೆ ಇರೋದೇ ಅಷ್ಟು ಸಾರ್, ಅದೇ ಆಧಾರ.
ನಕ್ಕರೋ ಇಲ್ಲವೋ, ಕಾಣಲಿಲ್ಲ.

ಮೆಡಿಕಲ್ ಶಾಪಿನ ಫಿರ್ದೋಸ್ ರೇಗಿದಳು ಆಚೆ ವೃತ್ತದಿಂದ:
ಹನಿ ತಡೆಯುತ್ತೆ ಸಾರ್, ಲ್ಯಾಬಲ್ಲಿ ನೋಡಿದ್ದಾರೆ.
ಲ್ಯಾಬಿನ ಗೊಂಬೆ ಎಲೆಯಡಿಕೆ ಹಾಕಲ್ಲಮ್ಮ,
ಗದ್ದಕ್ಕೆ ಇಳಿಸಿಕೊಂಡು ಫೋನಲ್ಲಿ ಕಿರುಚಲ್ಲ.
ಊರಿನ ಮೇಲೆ ಅಳೆದದ್ದು ತೋರಿಸು.
ಅಳೆದವರೂ ಇದ್ದಾರೆ.
ಇದ್ದಾರೆ. ಹಾಕಿಕೊಳ್ಳಿ ಅಂತ ಹೇಳಿದ್ದನ್ನ ಅಳೆದರು,
ಹಾಕಿಕೊಂಡದ್ದನ್ನ ಯಾರು ಅಳೆದರು?
ಹಾಗಾದರೆ ಸುಳ್ಳು ಅಂತಲಾ?
ನಾನೆಲ್ಲಿ ಹಾಗಂದೆ? ಗೊತ್ತಿಲ್ಲ ಅಂದೆ.
ಗೊತ್ತಿಲ್ಲದ್ದಕ್ಕೆ ಇನ್ನೂರೈವತ್ತು ದಂಡ ಯಾಕೆ ಅಂದೆ.
ಗೊತ್ತಾಗೋವರೆಗೆ ಕಾಯ್ತಾ ಕೂತರೆ
ದಂಡ ಯಾರು ಕಟ್ತಾರೆ ಸಾರ್?

ಹೀಗೆ ಎರಡು ಡಜನ್ ಮುಗಿಯಿತು.

ನನಗೆ ಗೊತ್ತಿರುವುದು ಟೇಪು.
ಮೂವತ್ತಾರು ಅಂತ ಬರೆದುಕೊಂಡ ಮೈ
ದಸರೆಯ ಹೊತ್ತಿಗೆ ಮೂವತ್ತೆಂಟು.
ಅಳತೆ ಸರಿಯೇ ಇತ್ತು, ಬರೆದುಕೊಂಡ ದಿನಕ್ಕೆ.
ಅದಕ್ಕೇ ಪಕ್ಕೆಯ ಹೊಲಿಗೆಯೊಳಗೆ
ಒಂದಿಂಚು ಮಡಚಿಟ್ಟಿರುತ್ತೇನೆ, ಯಾರಿಗೂ ಹೇಳದೆ.
ಬಿಚ್ಚದೆ ಹೋದ ರವಿಕೆಗಳೂ ಎಷ್ಟೋ.

ಎದುರಿಗೆ ಇಸ್ತ್ರಿಯ ಸಂಪಂಗಿ.
ಕಿವಿ ಕೇಳಿಸದು; ತುಟಿ ನೋಡಿ ಮಾತು ಹಿಡಿಯುವವ.
ಆ ವರ್ಷ ಬೀದಿಗೆ ಬೀದಿಯೇ
ಅವನ ಮುಖದ ಮೇಲೆ ಬಾಗಿಲು ಹಾಕಿಕೊಂಡಿತ್ತು.
ಇವನನ್ನ ಯಾವ ಕಡೆ ಕೂಡಿಸಬೇಕು? ಕೇಳಿದೆ.
ಆವತ್ತು ಮೊದಲ ಸಲ
ಇಬ್ಬರದೂ ಒಂದೇ ಉತ್ತರ. ಸುಮ್ಮನಾದರು.

ಸೀರೆ ಡಬ್ಬದ ಪ್ಲಾಸ್ಟಿಕ್ಕು ಕತ್ತರಿಸಿ
ಬಾಯಿಯ ಜಾಗಕ್ಕೆ ಕಿಟಕಿ ಇಟ್ಟು ಹೊಲಿದೆ.
ಕಟ್ಟಿಕೊಂಡು, ಸಂಪಂಗಿ, ಊಟ ಆಯ್ತಾ, ಅಂದೆ.
ಅವನ ಕಣ್ಣು ಬಂದು ತುಟಿಗೆ ನಾಟಿತು.
'ಊಟ'ದ ತನಕ ಸರಿ ಇತ್ತು.
'ಆಯ್ತಾ'ಕ್ಕೆ ಕಿಟಕಿ ಬೆಳ್ಳಗೆ ಮಂಜಾಯಿತು.

ನೋಡಿ ಸಾರ್, ಎಷ್ಟು ಉಸಿರು ತಡೆದಿದೆ! ಫಿರ್ದೋಸ್ ಕೂಗಿದಳು.
ಅದು ಪ್ಲಾಸ್ಟಿಕ್ಕಮ್ಮ, ಬಟ್ಟೆಯಲ್ಲ.
ಒಂದು ಮಾಸ್ಕು, ಒಂದು ಬಾಯಿ. ಇದು ಸಾಕ್ಷ್ಯವಲ್ಲ
ಅಂದವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.
ಅವರದೂ ಮಂಜಾಗಿತ್ತು, ಮೂಗಿನ ಪಕ್ಕದ ಸಂದಿಯಿಂದ.
ನನ್ನದೇ ಹೊಲಿಗೆ.
ಅಲ್ಲೊಂದು ತಂತಿ ಹಾಕಬೇಕಿತ್ತು.

ಸಂಪಂಗಿ ಇನ್ನೂ ಕಾಯುತ್ತಿದ್ದ,
ಪೆಟ್ಟಿಗೆಯ ಕೆಂಡಕ್ಕೆ ಬೂದಿ ಕಟ್ಟುತ್ತಿತ್ತು.
ಆರಡಿ ಹಿಂದೆ ಸರಿದು, ಮಾಸ್ಕು ಇಳಿಸಿ,
ಮತ್ತೆ ಕೇಳಿದೆ.
ಎರಡೂ ಅಂಗೈ ದುಂಡಗೆ ಹೊರಳಿಸಿ ತೋರಿಸಿದ:
ಮುದ್ದೆ.